ಬಾಣಂತಿ ಕೋಣೆಯಲ್ಲಿ ವಿಮಾನದ ಪುಸ್ತಕ

ಬಾಣಂತಿ ಕೋಣೆಗೆ ಅದರದೇ ಆದ ಒಂದು ವಾಸನೆಯಿರುತ್ತದೆ. ಅಜವಾನದ ಹೊಗೆ, ಲೋಬಾನ, ಕಾಯಿಸಿದ ಎಳ್ಳೆಣ್ಣೆ, ಕೂಸು ಕಕ್ಕಿದ ಹಾಲಿನ ಹುಳಿ ಎಲ್ಲ ಕಲೆತು ಗೋಡೆಯ ಸುಣ್ಣಕ್ಕೂ ಹತ್ತಿಕೊಳ್ಳುವ ಆ ವಾಸನೆಯನ್ನು ನೀವೂ ಯಾವುದಾದರೊಂದು ಮನೆಯಲ್ಲಿ ಉಸಿರಾಡಿಯೇ ಇರುತ್ತೀರಿ. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಲಿಂಗಸುಗೂರಿನ ನಮ್ಮ ಮನೆಯ ಒಳಕೋಣೆಯಲ್ಲಿ ಅದರ ಜೊತೆಗೆ ಇನ್ನೊಂದು ವಾಸನೆಯೂ ಸೇರಿಕೊಂಡಿತ್ತು, ಹೊಸದಾಗಿ ಅಚ್ಚಾದ ಕಾಗದದ್ದು. ಹೊರಸಿನ ಕೆಳಗೆ ಒಂದು ಬದಿಗೆ ಕೆಂಡದ ಶೇಗಡಿ. ಇನ್ನೊಂದು ಬದಿಗೆ ನಮ್ಮ ಜೋಳದ ಹಿಟ್ಟಿನ ಡಬ್ಬಿಗಿಂತ ದೊಡ್ಡದಾದ ಒಂದು ಕರಿಯ ಚರ್ಮದ ಚೀಲ. ಆ ಚೀಲದೊಳಗೆ ಉಂಗುರ ಹಾಕಿದ ದಪ್ಪ ದಪ್ಪ ಕಡತಗಳು. ವಿಮಾನವನ್ನು ಹೇಗೆ ಹಾರಿಸಬೇಕು, ಹೇಗೆ ಇಳಿಸಬೇಕು, ಏನು ಕೆಟ್ಟರೆ ಏನು ಮಾಡಬೇಕು ಎಂಬುದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆದಿಟ್ಟ ಕೈಪಿಡಿಗಳು ಅವು.

ಬಾಣಂತಿ ನನ್ನ ನಾದಿನಿ ಗಿರಿಜಾ. ಅವಳು ವಿಮಾನ ನಡೆಸುವವಳು. ಈ ಮಾತನ್ನು ಆಗ ಹೇಳುವಾಗಲೂ ನನ್ನ ಎದೆ ಸ್ವಲ್ಪ ಉಬ್ಬುತ್ತಿತ್ತು, ಈಗಲೂ ಉಬ್ಬುತ್ತದೆ, ನೀವು ಕ್ಷಮಿಸಬೇಕು.

ಅವಳು ಬೆಳೆದದ್ದು ಸಿಂಧನೂರಿನ ಕಾಲುವೆ ಇಲಾಖೆಯ ಕ್ವಾರ್ಟರ್ಸಿನಲ್ಲಿ. ನನ್ನ ಮಾವನವರು ಅಲ್ಲಿ ಓವರ್‌ಸಿಯರ್ ಆಗಿದ್ದರು. ಅವಳಿನ್ನೂ ಶಾಲೆಯಲ್ಲಿದ್ದಾಗ ಗೊರೇಬಾಳದ ಕಡೆಯ ಭತ್ತದ ಗದ್ದೆಗಳಿಗೆ ಔಷಧ ಸಿಂಪಡಿಸಲು ಒಂದು ಪುಟ್ಟ ವಿಮಾನ ಬಂದಿತ್ತಂತೆ. ಮಾವನವರು ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಮಗಳನ್ನು ಕೂಡಿಸಿಕೊಂಡು ತೋರಿಸಲು ಹೋದರು. ವಿಮಾನ ಸವಾರನೆಂದರೆ ಸಿನಿಮಾದವರ ಹಾಗೆ ಇರುತ್ತಾನೆ ಎಂದುಕೊಂಡಿದ್ದ ಹುಡುಗಿಗೆ ಕಂಡದ್ದು ಬಿಸಿಲಿಗೆ ಕಂದಿದ ಒಬ್ಬ ಸಣಕಲ ಮನುಷ್ಯ. ಬದುವಿನ ಮೇಲೆ ಕೂತು, ಎಣ್ಣೆ ಮೆತ್ತಿದ ಸಣ್ಣ ಪುಸ್ತಕವೊಂದರ ಸಾಲುಗಳ ಮೇಲೆ ಬೆರಳು ಸರಿಸುತ್ತ ಓದುತ್ತಿದ್ದನಂತೆ. "ಇವ್ರಿಗೆ ಹಾರ್ಸಾಕ ಬರಂಗಿಲ್ಲೇನಪ್ಪ, ಇನ್ನೂ ಓದಾಕತ್ತಾರಲ್ಲ?" ಎಂದು ಇವಳು ಅಪ್ಪನನ್ನು ಕೇಳಿದಳು. ಆ ಮನುಷ್ಯ ಹೈದರಾಬಾದಿನ ಕಡೆಯವನು, ಮಾತು ತಿಳಿದು ನಕ್ಕ. "ಬರ್ತದ ಬೇಟಿ. ಬರ್ತದ ಅಂತನ ಮರೀತೀವಿ ನೋಡು" ಎಂದ. ಆಮೇಲೆ ಪುಸ್ತಕ ಮಡಚಿ ಜೇಬಿಗಿಟ್ಟುಕೊಂಡು ಎದ್ದು ಹೋಗಿ, ಗದ್ದೆಯ ತೆನೆಗಳು ತಲೆ ಬಾಗುವಷ್ಟು ತಗ್ಗಿನಲ್ಲಿ ಹಾರಿದ. ಗಿರಿಜಾಳ ಮುಂದಿನ ಬದುಕೆಲ್ಲ ಆ ಬದುವಿನ ಮೇಲೆ ನಿಶ್ಚಯವಾಯಿತು. ಮಾವನವರು ಮಗಳಿಗೆ ಬೇಡ ಎನ್ನಲಿಲ್ಲ. ನೆಂಟರ ಮಾತುಗಳನ್ನು ತಾವೇ ಕೇಳಿಸಿಕೊಂಡು ಅವಳವರೆಗೆ ಹೋಗಗೊಡಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳು ಕೋ-ಪೈಲಟ್ ಆಗಿದ್ದಳು. ಅದನ್ನು ನೋಡಿ, ಲಿಂಗಸುಗೂರಿನಲ್ಲಿ ತಾವು ಕಟ್ಟಿಸಿದ ಮನೆಯಲ್ಲಿ ಒಂದು ವರ್ಷ ಇದ್ದು ಅವರು ತೀರಿಕೊಂಡರು.

ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಗಿರಿಜಾ ರಜೆಗೆ ಬಂದಾಗಲೆಲ್ಲ ಒಂದು ವಿಚಿತ್ರ ಕೆಲಸ ನಡೆಯುತ್ತಿತ್ತು. ವಿಮಾನ ಕಂಪನಿ ಕೊಟ್ಟ ದಪ್ಪ ಲಕೋಟೆಯನ್ನು ಜೊತೆಗೇ ತಂದಿರುತ್ತಿದ್ದಳು. ಅವಳು ಪಡಸಾಲೆಯಲ್ಲಿ ಚಾಪೆ ಹಾಸಿ ಕೂತು, ಕಡತದ ಉಂಗುರ ಬಿಚ್ಚಿ, ಹಳೆಯ ಪುಟ ತೆಗೆದು ಹೊಸ ಪುಟ ಸೇರಿಸಿ, ಮೊದಲ ಹಾಳೆಯಲ್ಲಿ ಸಹಿ ಮಾಡುತ್ತಿದ್ದಳು. ತೆಗೆದ ಪುಟಗಳನ್ನು ಹರಿದು ತುಂಡು ತುಂಡು ಮಾಡುತ್ತಿದ್ದಳು. ಹಪ್ಪಳದಂಥ ಆ ಬಿಳಿ ಕಾಗದ ಹಾಳಾಗುವುದನ್ನು ನೋಡಲಾಗದೆ ನನ್ನ ಅತ್ತೆ, "ಡಬ್ಬಿ ತಳಕ್ಕರ ಹಾಸ್ತೀನಿ, ಕೊಡ ಇತ್ತ" ಎಂದು ಕೈ ಚಾಚಿದರೆ ಕೊಡುತ್ತಿರಲಿಲ್ಲ. "ಬ್ಯಾಡವ್ವ. ಹಳೇ ಪುಟ ಇರೋದಕ್ಕಿಂತ ಪುಟಾನ ಇಲ್ಲದಿರೋದು ಛಲೋ" ಎನ್ನುತ್ತಿದ್ದಳು. ಕೊನೆಗೆ ಆ ತುಂಡುಗಳು ಬಚ್ಚಲ ಒಲೆಗೆ ಹೋಗುತ್ತಿದ್ದವು. ಆಕಾಶದಲ್ಲಿ ಬಳಕೆ ತಪ್ಪಿದ ನಿಯಮಗಳಿಂದ ನಮ್ಮ ಮನೆಯ ಸ್ನಾನದ ನೀರು ಕಾಯುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನನ್ನ ಕಸುಬಿನಲ್ಲಿ ಪುಟ ಹಳೆಯದಾದಷ್ಟೂ ಅದಕ್ಕೆ ಬೆಲೆ. ತಾಳೆಗರಿಯಾದರಂತೂ ಕೈಮುಗಿದು ಮುಟ್ಟುತ್ತೇವೆ. ಒಂದು ತಿಂಗಳಿಗೆ ಪುಟ ಮುಪ್ಪಾಗುತ್ತದೆ, ಮುಪ್ಪಾದ ಪುಟ ಮನುಷ್ಯರನ್ನು ಕೊಲ್ಲಬಲ್ಲದು ಎಂಬುದು ನನಗೆ ಹೊಸ ಮಾತಾಗಿತ್ತು. ಆದರೂ ಆ ದಿನಗಳಲ್ಲಿ ಅದು ನಾದಿನಿಯ ಶಿಸ್ತು ಎಂದಷ್ಟೇ ತಿಳಿದು ನನ್ನ ಪಾಡಿಗೆ ನಾನಿದ್ದೆ. ಅದರ ಒಳಹೊಕ್ಕದ್ದು ಅವಳ ಬಾಣಂತನದಲ್ಲಿ.

ಗಿರಿಜಾಳ ಗಂಡ ಶ್ರೀಧರ ಅದೇ ಕಂಪನಿಯಲ್ಲಿ ವಿಮಾನ ರಿಪೇರಿಯ ಎಂಜಿನಿಯರು, ಇಬ್ಬರೂ ಹೈದರಾಬಾದಿನಲ್ಲಿದ್ದರು. ಹೆರಿಗೆಗೆ ಅವಳು ತವರಿಗೆ ಬಂದಳು. ಬೇಸಿಗೆಯ ಮೊದಲಿಗೆ ಹೆಣ್ಣು ಕೂಸು ಹುಟ್ಟಿತು. ಆ ಕೂಸಿನ ಹಿಂದೆಯೇ ಕಂಪನಿಯಿಂದ ಒಂದು ಸುದ್ದಿ ಬಂತು: ಕ್ಯಾಪ್ಟನ್ ಹುದ್ದೆಯ ತರಬೇತಿಗೆ ಅವಳ ಸರದಿ ಬಂದಿದೆ, ಮೂರು ತಿಂಗಳು ತುಂಬಿದ ಮೇಲೆ ಬರಬೇಕು. ಬರಲಾಗದಿದ್ದರೆ ಸರದಿ ಹೋಗುತ್ತದೆ, ಮತ್ತೆ ಯಾವಾಗ ಬರುತ್ತದೋ ಹೇಳಲಾಗದು. ಕಚೇರಿಯಲ್ಲಿ ಯಾರೋ, "ಈಗ ಮಗುವಿದೆಯಲ್ಲ, ಅವಸರವೇನು" ಎಂದೂ ಅಂದಿದ್ದರಂತೆ. ಆ ಮಾತು ಗಿರಿಜಾಳನ್ನು ಚುಚ್ಚಿತ್ತು. ಹೊಸ ಮಾದರಿಯ ವಿಮಾನ, ಶ್ರೀಧರ ತಂದುಕೊಟ್ಟ ಹೊಸ ಕೈಪಿಡಿಗಳು; ಓದುವುದು ಗುಡ್ಡದಷ್ಟಿತ್ತು. ಅವಳು ಹೊರಸಿನ ಮೇಲೆ ಎದ್ದು ಕೂತು ಕಡತ ತೆರೆದಳೋ ಇಲ್ಲವೋ, ಅತ್ತೆ ಬಂದು ಕಿತ್ತುಕೊಂಡರು.

"ಬಾಣಂತಿ ಓದಬಾರದು. ಕಣ್ಣು ಕೂತು ಹೋಗ್ತಾವ."

"ಅವ್ವ, ಅದೆಲ್ಲ ಹಳೇ ಕಾಲದ ಮಾತು."

"ಹಳೇ ಕಾಲದ ಕಣ್ಣು ಬ್ಯಾರೆ, ಈಗಿನವು ಬ್ಯಾರೆ ಏನು? ಕಣ್ಣು ಹೋದ್ರ ವಿಮಾನ ಯಾತರಲೇ ನೋಡ್ತಿ ನೀ?"

ತರಬೇತಿಗೆ ಹೋದ ಕೂಡಲೇ ಗಿರಿಜಾಳಿಗೆ ವೈದ್ಯರ ಪರೀಕ್ಷೆ ಇತ್ತು. ಅದರಲ್ಲಿ ಕಣ್ಣಿನದೇ ದೊಡ್ಡದು. ತಾಯಿಯ ಮಾತಿನಲ್ಲಿ ಅವಳಿಗೆ ನಂಬಿಕೆಯಿರಲಿಲ್ಲ, ಆದರೆ ಆ ಅಂಜಿಕೆ ಒಳಗೆ ಹೊಕ್ಕಿತು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ನಾನು ನಡುವೆ ಬಾಯಿ ಹಾಕಿದೆ.

"ಅತ್ತಿ, ಕಣ್ಣಿಗೆ ಬ್ಯಾಡಂದ್ರ ಬ್ಯಾಡ. ನನಗ ಸಾಲಿ ಸೂಟಿ ಐತಲ್ಲ, ನಾ ಓದ್ತೀನಿ, ಆಕಿ ಕೇಳ್ಲಿ."

"ಕಿವಿಗೆ ಹತ್ತಿ ಇಟ್ಟೀನಿ. ತೆಗಿಯಾಂಗಿಲ್ಲ, ಗಾಳಿ ಹೋಗ್ತದ" ಎಂದರು ಅತ್ತೆ.

"ಹತ್ತಿ ಇರ್ಲಿ. ನಾ ಜೋರಾಗಿ ಓದ್ತೀನಿ."

ಹೀಗೆ ನನ್ನ ಪಾರಾಯಣ ಶುರುವಾಯಿತು. ಮೇ ತಿಂಗಳ ಲಿಂಗಸುಗೂರು, ಹೊರಗೆ ಬಿಸಿಲು, ಒಳಗೆ ಶೇಗಡಿ. ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಹತ್ತಿಯಿಟ್ಟು ಮಲಗಿದ ಭಾವೀ ಕ್ಯಾಪ್ಟನ್ನಿಗೆ ನಾನು ಬೆವರಿಳಿಸುತ್ತ, ಓಣಿಗೆಲ್ಲ ಕೇಳುವಂತೆ ಇಂಗ್ಲಿಷಿನ ಕೈಪಿಡಿ ಓದುತ್ತಿದ್ದೆ. ಆಚೆಮನೆಯವರು ಒಮ್ಮೆ ಅತ್ತೆಯನ್ನು, "ನಿಮ್ಮ ಸೊಸಿ ಯಾರ ಜೋಡಿ ಜಗಳಾಡಾಕತ್ತಾಳ್ರೀ?" ಎಂದು ಕೇಳಿದರಂತೆ. ಮೊದಮೊದಲು ನನಗೆ ಏನೂ ತಿಳಿಯುತ್ತಿರಲಿಲ್ಲ. ದಿನ ಕಳೆದಂತೆ ಆ ಗದ್ಯದ ರುಚಿ ಹತ್ತಿತು. ಎಂಥ ಗದ್ಯ ಅದು! ಒಂದು ವಾಕ್ಯಕ್ಕೆ ಒಂದೇ ಕೆಲಸ. ಇದನ್ನು ಮಾಡು. ಆಯಿತೋ ನೋಡು. ಆಗದಿದ್ದರೆ ಇದನ್ನು ಮಾಡು. ವಿಶೇಷಣದ ಹಂಗಿಲ್ಲ, ಉಪಮೆಯ ಸುಳಿವಿಲ್ಲ, ಬರೆದವನು ತಾನು ಎಷ್ಟು ಬಲ್ಲೆನೆಂದು ತೋರಿಸಿಕೊಳ್ಳುವ ಒಂದು ಅಕ್ಷರವಿಲ್ಲ. ಬೆಂಕಿ ಹತ್ತಿದಾಗ ಓದಬೇಕಾದ ಪುಟವೂ ಬಾಗಿಲು ಮುಚ್ಚುವ ಪುಟವೂ ಒಂದೇ ದನಿಯಲ್ಲಿದ್ದವು. ಗಾಬರಿಯಾದವನ ಕೈಗೆ ಸಿಗಲಿ ಎಂದೇ ಗಾಬರಿಯಿಲ್ಲದೆ ಬರೆದ ಮಾತು. ನಾನು ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸುತ್ತ ಬಂದಿದ್ದೆ; ಯಾರೂ ಹೆಸರು ಹಾಕದೆ ಬರೆದ ಆ ಪುಟಗಳ ಮುಂದೆ ಅಂಥ ಬರವಣಿಗೆಗೆ ಬೇಕಾದ ಸಂಯಮ ಎಷ್ಟೆಂದು ಲೆಕ್ಕ ಹಾಕಿ ಬೆರಗಾದೆ.

ಕೆಲವು ಸಾಲುಗಳ ಪಕ್ಕದಲ್ಲಿ, ಪುಟದ ಅಂಚಿಗೆ, ಒಂದು ಕಪ್ಪು ಗೆರೆ ನಿಂತಿರುತ್ತಿತ್ತು. ಅದೇನೆಂದು ಕೇಳಿದೆ.

"ಆ ಸಾಲು ಹೊಸದು ಅಂತ ಗುರ್ತು, ವೈನಿ. ಮದ್ಲು ಬ್ಯಾರೆ ಇತ್ತು, ಈಗ ತಿದ್ದ್ಯಾರ."

"ಯಾಕ ತಿದ್ದಿದ್ರು?"

ಅವಳು ಕೂಸಿನ ಬೆನ್ನು ತಟ್ಟುತ್ತಿದ್ದಳು, ಕೈ ನಿಲ್ಲಿಸಿದಳು. "ಎಲ್ಲೋ ಯಾರಿಗೋ ಏನೋ ಆಗಿರ್ತದ. ಬದುಕಿ ಬಂದು ಹೇಳಿರ್ತಾರ, ಇಲ್ಲಾ ಹೇಳಾಕ ಅವ್ರೇ ಇರಂಗಿಲ್ಲ."

ಅಂದಿನಿಂದ ಕಪ್ಪು ಗೆರೆ ಬಂದಲ್ಲೆಲ್ಲ ನನ್ನ ದನಿ ತಾನಾಗಿ ತಗ್ಗುತ್ತಿತ್ತು. ಗಿರಿಜಾ ಹತ್ತಿಯ ಹಿಂದಿನಿಂದ, "ಕೇಳವಲ್ದು ವೈನಿ" ಎನ್ನುತ್ತಿದ್ದಳು.

ಅಷ್ಟರಲ್ಲಿ ಶ್ರೀಧರ ಒಂದು ಶನಿವಾರ ಹೈದರಾಬಾದಿನಿಂದ ಬಂದ. ಕೂಸಿಗೆ ಆಟಿಕೆ ತರುತ್ತಾನೆಂದುಕೊಂಡರೆ ಮಡಚುವ ಕಂಪ್ಯೂಟರೊಂದನ್ನು ತಂದಿದ್ದ. ನಮ್ಮ ಊರಿಗೆ ಅಂಥದ್ದು ಬಂದದ್ದು ಅದೇ ಮೊದಲಿರಬೇಕು. ಚೀಲದಲ್ಲಿದ್ದ ಕೈಪಿಡಿಗಳೆಲ್ಲ ಒಂದು ತಟ್ಟೆಯಂಥ ಸೀಡಿಯಲ್ಲಿ ಅಡಗಿವೆ, ಕಂಪನಿ ಪ್ರಾಯೋಗಿಕವಾಗಿ ಕೆಲವರಿಗೆ ಕೊಟ್ಟಿದೆ ಎಂದ. ಅವನ ಮುಖದಲ್ಲಿ ಮದುವೆಯ ದಿನದ ಕಳೆಯಿತ್ತು.

"ಏನರ ಕೇಳು ಗಿರಿಜಾ. ಬೇಕಾದ್ದು ಕೇಳು."

ಅವಳು ಒಂದು ಕಠಿಣ ವಿಷಯ ಹೇಳಿದಳು. ನಾನು ಹಿಂದಿನ ದಿನ ಅರ್ಧ ತಾಸು ಹುಡುಕಿ ಹುಡುಕಿ ಸಿಗದೆ ಕೈಬಿಟ್ಟದ್ದು. ಶ್ರೀಧರ ನಾಲ್ಕು ಅಕ್ಷರ ಒತ್ತಿದ. ಪರದೆ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಯೋಚಿಸಿ, ಬೇಕಾದ ಸಾಲನ್ನೇ ತಂದು ಮುಂದಿಟ್ಟಿತು. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ಅಷ್ಟು ಚಂದದ ಕೆಲಸ. ಅದೇ ಹೊತ್ತಿಗೆ ಎಂದಿನಂತೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಪರದೆ ಮಾತ್ರ ಬೆಳಗುತ್ತಲೇ ಇತ್ತು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಇದ್ಯಾಕ ಹೋಗ್ಲಿಲ್ಲ?" ಎಂದರು. ಒಳಗೆ ಬ್ಯಾಟರಿ ಇದೆಯೆಂದು ಅಳಿಯ ತಿಳಿಸಿದ. ಕರೆಂಟಿನ ಜೊತೆ ಹೋಗದ ಮೊದಲ ಯಂತ್ರವನ್ನು ಅವರು ಗೌರವದಿಂದ ನೋಡಿದರು. ಆದರೂ, "ದೀಪದಾಗಿಂದ ಅಕ್ಷರ ಓದೋದು ಕಣ್ಣಿಗೆ ಇನ್ನೂ ಕೆಟ್ಟದ್ದು. ಆಕಿ ನೋಡಂಗಿಲ್ಲ" ಎಂದು ಮಗಳ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಪರದೆಯ ಮೇಲಿನದನ್ನೂ ನಾನೇ ಓದತೊಡಗಿದೆ. ರೆಕ್ಕೆಯ ಹಿಂದಿನ ಪಟ್ಟಿಗಳ ವಿಷಯ ಬಂತು. ವಿಮಾನ ಇಳಿಯುವ ಮುನ್ನ ವೇಗ ತಗ್ಗಿಸಲು ಚಾಚಿಕೊಳ್ಳುವ ಪಟ್ಟಿಗಳು ಅವು. ಅದರ ಕೊನೆಗೆ, ಇಂಥ ಸಂಖ್ಯೆಯ ಹಳದಿ ಹಾಳೆಯನ್ನೂ ನೋಡಿ ಎಂದಿತ್ತು. ಹಳದಿ ಹಾಳೆಯೆಂದರೆ ಅವಸರದ ತಿದ್ದುಪಡಿ. ದೊಡ್ಡ ತಿದ್ದುಪಡಿ ಅಚ್ಚಾಗುವವರೆಗೆ ಕಾಯಲಾಗದ ವಿಷಯವನ್ನು ಹಳದಿ ಕಾಗದದಲ್ಲಿ ಮುದ್ರಿಸಿ ಕಳಿಸುತ್ತಿದ್ದರು. ಅವು ಸೀಡಿಯಲ್ಲಿ ಇರಲಿಲ್ಲ. ನಾನು ಕಡತ ತೆಗೆದು ನೋಡಿದೆ. ಅಲ್ಲಿಯೂ ಆ ಸಂಖ್ಯೆಯ ಹಾಳೆ ಇರಲಿಲ್ಲ.

ಗಿರಿಜಾ ತಾಯಿಯ ಕಟ್ಟಳೆ ಮರೆತು ಎದ್ದು ಕೂತಳು. "ಇಲ್ಲಂದ್ರ? ಸರಿಯಾಗಿ ನೋಡ್ರಿ ವೈನಿ."

ಸರಿಯಾಗಿಯೇ ನೋಡಿದೆ. ಸಂಖ್ಯೆಗಳನ್ನು ಹೋಲಿಸಿದರೆ, ಎರಡು ಲಕೋಟೆಗಳಷ್ಟು ಪುಟಗಳು ಅವಳಿಗೆ ಬಂದೇ ಇರಲಿಲ್ಲ. ಕಂಪ್ಯೂಟರು ಇಲ್ಲದಿದ್ದರೆ ಅದು ನಮಗೆ ತಿಳಿಯುತ್ತಿರಲಿಲ್ಲ. ತಿಳಿಸಿತೇ ಹೊರತು ಆ ಹಾಳೆಯನ್ನು ಕೊಡಲು ಅದರ ಕೈಯಲ್ಲೂ ಆಗಲಿಲ್ಲ. ಶ್ರೀಧರ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಓಡಿ ಕಚೇರಿಗೆ ಫೋನು ಮಾಡಿ, ಬಾಡಿದ ಮುಖ ಹೊತ್ತು ಬಂದ. ಲಕೋಟೆಗಳನ್ನು ಕಳಿಸಿದ್ದಾರೆ. ರಜೆಯ ವಿಳಾಸಕ್ಕೆಂದು ಗುಮಾಸ್ತರು ಹಳೆಯ ಫೈಲು ತೆಗೆದು, ಅವಳು ಕೆಲಸಕ್ಕೆ ಸೇರುವಾಗ ಬರೆದುಕೊಟ್ಟಿದ್ದ ಸಿಂಧನೂರಿನ ಕ್ವಾರ್ಟರ್ಸಿಗೆ ಕಳಿಸಿಬಿಟ್ಟಿದ್ದಾರೆ. ಇನ್ನೊಂದು ಪ್ರತಿ ತರಿಸಲು ತಿಂಗಳುಗಟ್ಟಲೆ ಬೇಕು. ಕೈಪಿಡಿ ಪೂರ್ತಿಯಿಲ್ಲದವರನ್ನು ತರಬೇತಿಗೆ ಕೂಡಿಸುವುದಿಲ್ಲ.

"ಬ್ಯಾರೇದವ್ರದು ಝೆರಾಕ್ಸ್ ಮಾಡಿದ್ರ?" ಎಂದೆ.

"ನಡಿಯಂಗಿಲ್ಲ ವೈನಿ. ಒಬ್ಬೊಬ್ರ ಪುಸ್ತಕಕ್ಕ ಒಂದೊಂದು ನಂಬರ್ ಇರ್ತದ. ಅದೇ ಮುದ್ರೆ ಇರೋ ಹಾಳೀನ ಬೇಕು." ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. "ಹೋಗ್ಲಿ ಬಿಡ್ರಿ. ಅವಸರ ಏನದ ಅಂತ ಅವ್ರು ಅಂದದ್ದ ಖರೇ ಆಯ್ತು."

ಅತ್ತೆ ಮೊಮ್ಮಗಳನ್ನು ಅಳಿಯನ ತೊಡೆಯ ಮೇಲೆ ಇಟ್ಟು ಸೆರಗು ಸರಿಮಾಡಿಕೊಂಡರು.

"ಸೋಮವಾರ ನೀವು ರಜಾ ಹಾಕ್ರಿ, ಕೂಸಿನ ನೋಡ್ಕೋರಿ. ಸಿಂಧನೂರಿಗೆ ನಾ ಹೋಗ್ತೀನಿ. ಆ ಊರಾಗ ನನಗ ಗೊತ್ತಿಲ್ಲದವ್ರು ಯಾರದಾರ?" ಎಂದು, ನನ್ನ ಕಡೆ ತಿರುಗಿ, "ನೀನೂ ನಡಿ. ಇಂಗ್ಲಿಷಿನ್ಯಾಗಿದ್ರ ನನಗ ತಿಳಿಯಂಗಿಲ್ಲ" ಎಂದರು.

ಸೋಮವಾರ ಬೆಳಗಿನ ಬಸ್ಸಿಗೆ ಅತ್ತೆ ಸೊಸೆ ಹೊರಟೆವು. ಮಸ್ಕಿ ದಾಟುವವರೆಗೆ ಬಿರಿದ ಎರೆಹೊಲ, ಆಮೇಲೆ ಕಾಲುವೆ ಸೀಮೆ, ಕೊಯ್ದ ಭತ್ತದ ಕೂಳೆ. ಸಿಂಧನೂರಿನ ಅಂಚೆ ಕಚೇರಿಯಲ್ಲಿ ಖಾಜಾಸಾಬ್ ಎಂಬ ಹಳೆಯ ಪೋಸ್ಟ್‌ಮನ್ ಇನ್ನೂ ಕೆಲಸದಲ್ಲಿದ್ದ. ಅತ್ತೆಯನ್ನು ಕಂಡೊಡನೆ ಟಪಾಲಿನ ಚೀಲ ಕೆಳಗಿಟ್ಟ.

"ಓವರ್‌ಸಿಯರ್ ಅಮ್ಮಾರು! ಆರಾಮದೀರೇನ್ರೀ? ನೀವು ಮತ್ತ ಕ್ವಾರ್ಟರ್ಸಿಗೆ ಬಂದೀರಂತ ತಿಳ್ಕೊಂಡಿದ್ದೆ ನಾ."

"ಯಾಕಪ್ಪ?"

"ಗಿರಿಜಮ್ಮನ ಹೆಸರೀಲೆ ರಿಜಿಸ್ಟರ್ ಟಪಾಲ್ ಬಂದಿತ್ತಲ್ರೀ. ಎಂಥಾ ವಜನ್ ಅಂತೀರಿ! ಮನಿಯಾಗ ಒಬ್ಬ ಹೆಣ್ಮಗಳು ಸಹಿ ಮಾಡಿ ತಗೊಂಡ್ಳು. ನಿಮ್ಮ ಸೊಸಿ ಇರಬೇಕಂತ ಕೊಟ್ಟುಬಿಟ್ಟೆ."

"ನನ್ನ ಸೊಸಿ ಈಕಿ" ಎಂದು ಅತ್ತೆ ನನ್ನನ್ನು ತೋರಿಸಿದರು. ಖಾಜಾಸಾಬನ ಮುಖ ಸಣ್ಣದಾಯಿತು. ಉಳಿದ ಟಪಾಲನ್ನು ಇನ್ನೊಬ್ಬನಿಗೆ ಒಪ್ಪಿಸಿ, ಸೈಕಲ್ಲು ನೂಕುತ್ತ ಬಿಸಿಲಿನಲ್ಲಿ ನಮ್ಮ ಜೊತೆಗೇ ಕ್ವಾರ್ಟರ್ಸಿನವರೆಗೆ ನಡೆದು ಬಂದ. ಬಾಗಿಲು ತೆರೆದವಳು ವಳಕಮದಿನ್ನಿ ಕಡೆಯ ಒಬ್ಬ ಎಳೆಯ ಗೃಹಿಣಿ. ಗಂಡ ಕಾಲುವೆಯ ನೀರಿನ ಅಳತೆ ನೋಡುವವನು. ವಿಷಯ ಕೇಳಿದ್ದೇ ಒಳಗೆ ಹೋಗಿ, ಟ್ರಂಕಿನ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟಿದ್ದ ಎರಡು ಲಕೋಟೆಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಅರಗಿನ ಮುದ್ರೆ ಒಡೆದಿರಲಿಲ್ಲ.

"ಸರ್ಕಾರದ್ದು ಅಂತ ಸಹಿ ಮಾಡೀನ್ರೀ. ಆಮ್ಯಾಲ ಹೆಸರು ಬ್ಯಾರೆ ಅಂತ ಗೊತ್ತಾತು. ಯಾರರ ಹುಡುಕ್ಕೊಂಡು ಬರ್ತಾರಂತ ಇಟ್ಟಿದ್ನಿ. ಮಳಿ ಬಂದ್ರ ಈ ಮನಿ ಸೋರ್ತದ್ರೀ, ಅದಕ್ಕ ಪ್ಲಾಸ್ಟಿಕ್ ಸುತ್ತೀನಿ."

ಅತ್ತೆ ಅವಳ ಗಲ್ಲ ಹಿಡಿದು, "ತಣ್ಣಗಿರು ತಾಯಿ" ಎಂದರು. ಆ ಮನೆ ಎಲ್ಲಿ ಸೋರುತ್ತದೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಮರಳುವ ಬಸ್ಸಿನಲ್ಲಿ ಲಕೋಟೆಗಳನ್ನು ನಾನು ಹಿಡಿಯುತ್ತೇನೆಂದರೂ ಅತ್ತೆ ಕೊಡಲಿಲ್ಲ. ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. "ಇದರಾಗ ಅಂಥಾದ್ದೇನೈತಿ?" ಎಂದು ಕೊನೆಗೂ ಕೇಳಿದರು. ಹಳದಿ ಹಾಳೆಯ ಮಾತು ಹೇಳಿದೆ, ಅಂಚಿನ ಕಪ್ಪು ಗೆರೆಯ ಮಾತು ಹೇಳಿದೆ. ಒಂದೊಂದು ಗೆರೆಯ ಹಿಂದೆಯೂ ಯಾವುದೋ ದೇಶದ ಯಾರೋ ಅನುಭವಿಸಿದ ಸಂಕಟ ಇರುತ್ತದೆ, ಅದು ಇನ್ನೊಬ್ಬರಿಗೆ ಬರದಿರಲೆಂದು ಬರೆದು ಎಲ್ಲರಿಗೂ ಹಂಚುತ್ತಾರೆ ಎಂದೆ. ಅತ್ತೆ ಕಿಟಕಿಯಾಚೆ ನೋಡುತ್ತ ಕುಳಿತರು. ಮಸ್ಕಿಯಲ್ಲಿ ಬಸ್ಸು ನಿಂತಾಗ ಊರ ಹಿಂದಿನ ಬಂಡೆಗುಡ್ಡ ಕಂಡಿತು.

"ಆ ಗುಡ್ಡದ ಕಲ್ಲಿನ್ಯಾಗ ಏನೋ ಬರದಾರಂತಲ್ಲ, ಏನು ಬರದಾರ?"

"ಹಿಂದಿನ ರಾಜ ಒಬ್ಬಾವ ಮಂದಿ ಹೆಂಗ ಇರಬೇಕಂತ ಬರಸ್ಯಾನ್ರೀ ಅತ್ತಿ."

"ಅದಕ್ಕೂ ಹೊಸ ಹಾಳಿ ಬರ್ತಾವೇನು?" ಎಂದರು. ನನಗೆ ನಗು ತಡೆಯಲಾಗಲಿಲ್ಲ, ಅವರು ನಗಲಿಲ್ಲ. ಬಸ್ಸು ಹೊರಟ ಮೇಲೆ ಮೆಲ್ಲಗೆ ಇನ್ನೊಂದು ಪ್ರಶ್ನೆ ಬಂತು. "ಹಂಗಾದ್ರ ಇದನ್ನ ಓದಲಾರದ ಆಕಿ ವಿಮಾನ ಹತ್ತಿದ್ರ?"

ಅವರು ಲಕೋಟೆಗಳ ಮೇಲೆ ಸೆರಗು ಹೊದಿಸಿದರು.

ಮರುದಿನದಿಂದ ಅತ್ತೆಯ ಕಟ್ಟಳೆ ಸಡಿಲವಾಯಿತೆಂದು ನೀವು ತಿಳಿದರೆ ಅವರನ್ನು ನೀವು ಅರಿತಿಲ್ಲ. ಕಣ್ಣಿಗೆ ಪುಸ್ತಕ ಬೇಡವೆಂದರೆ ಬೇಡವೇ. ಆದರೆ ಹೊತ್ತಿಗೆ ಸರಿಯಾಗಿ ನನ್ನ ಕೈಯಿಂದ ಸೌಟು ಇಸಿದುಕೊಂಡು, "ಅಡಿಗಿ ನಾ ನೋಡ್ಕೋತೀನಿ, ನೀ ಹೋಗಿ ಓದು" ಎನ್ನತೊಡಗಿದರು. ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಾನು ದಣಿದು ಒಂದೆರಡು ಸಾಲು ಹಾರಿಸಿದರೆ ಹೇಗೋ ತಿಳಿದುಬಿಡುತ್ತಿತ್ತು. "ಗಡಬಡಿ ಮಾಡಬ್ಯಾಡ. ಗೆರಿ ಇದ್ದದ್ದು ಎರಡ ಸಲ ಓದು" ಎನ್ನುತ್ತಿದ್ದರು. ಗೆರೆಯಿದ್ದದ್ದನ್ನು ಎರಡು ಸಲ ಓದಿದೆ. ಹಳದಿ ಹಾಳೆಯನ್ನು ಗಿರಿಜಾ ಬಾಯಿಪಾಠ ಒಪ್ಪಿಸುವವರೆಗೆ ಓದಿದೆ. ಮೂರು ತಿಂಗಳು ತುಂಬಿದಾಗ ಅವಳ ಕಣ್ಣು ವೈದ್ಯರ ಪರೀಕ್ಷೆಯಲ್ಲಿ ಚೆನ್ನಾಗಿಯೇ ಇತ್ತು. ಅತ್ತೆ ಅದರ ಶ್ರೇಯಸ್ಸನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಕೂಸಿನೊಂದಿಗೆ ತಾವೂ ಹೈದರಾಬಾದಿಗೆ ಹೋಗಿ ನಿಂತರು.

ಮುಂದಿನದನ್ನು ಗಿರಿಜಾಳೇ ದೀಪಾವಳಿಗೆ ಬಂದಾಗ ಹೇಳಿದಳು. ತರಬೇತಿಯ ಕೊನೆಯ ಹಂತದಲ್ಲಿ ಅವಳ ಪಕ್ಕದಲ್ಲಿ ಒಬ್ಬ ಹಿರಿಯ ಕ್ಯಾಪ್ಟನ್. ಅವಳು ಉತ್ತೀರ್ಣಳೋ ಅಲ್ಲವೋ ಬರೆಯುವವರು ಅವರೇ. ಸಮುದ್ರದ ಬದಿಯ ಊರೊಂದಕ್ಕೆ ಇಳಿಯುವ ಹೊತ್ತು, ಕೆಳಗೆ ಮೋಡ. ರೆಕ್ಕೆಯ ಪಟ್ಟಿಗಳು ಅರ್ಧಕ್ಕೆ ಬಂದು ಸಿಕ್ಕಿಕೊಂಡವು. ಹೊಸ ಮಾದರಿಯ ಆ ವಿಮಾನದಲ್ಲಿ ಏನು ಕೆಟ್ಟಿದೆ, ಏನು ಮಾಡಬೇಕು ಎಂಬುದನ್ನು ಮುಂದಿನ ಪರದೆಯೇ ಬರೆದು ತೋರಿಸುತ್ತದೆ. ಒಂದು ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿ ಎಂದು ಪರದೆ ಹೇಳಿತು. ಹಿರಿಯರ ಕೈ ಸ್ವಿಚ್ಚಿನ ಕಡೆ ಹೋಯಿತು.

"ನಾ ಬ್ಯಾಡ ಅಂದೆ ವೈನಿ. 'ಸರ್, ಇದಕ್ಕ ಹಳದಿ ಹಾಳಿ ಐತಿ, ಈ ಸ್ವಿಚ್ ಮುಟ್ಟಬಾರದು' ಅಂದೆ. ಅವ್ರು ನನ್ನ ಮುಖ ನೋಡಿದ್ರು. ಅವ್ರಿಗೆ ಸಿಟ್ಟು ಬಂದ್ರ ನನ್ನ ಕಥಿ ಅಲ್ಲಿಗೇ ಮುಗೀತಿತ್ತು."

"ಮತ್ತ?"

"ಕೈ ಹಿಂದಕ್ಕ ತಗೊಂಡ್ರು. 'ಓದು' ಅಂದ್ರು. ಅಷ್ಟ."

ವಿಮಾನವನ್ನು ಮೋಡದ ಮೇಲೆ ಒಂದು ಸುತ್ತು ಸುತ್ತಿಸಿದರಂತೆ. ಅವಳು ಪುಟ ತೆರೆದು ಒಂದೊಂದೇ ಸಾಲು ಓದಿದಳು, ಅವರು ಒಂದೊಂದೇ ಮಾಡಿದರು. ಉದ್ದ ರನ್‌ವೇ, ಹೆಚ್ಚಿನ ವೇಗ, ಆದರೂ ತೊಂದರೆಯಿಲ್ಲದೆ ಇಳಿದರು. ಹಿಂದೆ ಕೂತವರಿಗೆ ಒಂದು ಸುತ್ತು ಹೆಚ್ಚಾಯಿತೆಂಬುದರ ಹೊರತು ಏನೂ ತಿಳಿಯಲಿಲ್ಲ. ಎಂಜಿನು ಆರಿಸಿದ ಮೇಲೆ ಹಿರಿಯರು, ಆ ಹಾಳೆ ತಮ್ಮ ಕಡತದಲ್ಲೂ ಇದೆ, ಆದರೆ ಆ ಗಳಿಗೆಯಲ್ಲಿ ನೆನಪಾದದ್ದು ನಿನಗೆ ಎಂದು ಹೇಳಿ ಅವಳ ಕೈ ಕುಲುಕಿದರಂತೆ.

ನಾನು ಹಿಗ್ಗಿದೆ. ಕಾಗದದ ಕಡೆಯವಳು ನಾನು. "ಕಡೀಕ ಪುಸ್ತಕಾನ ಗೆದ್ದಿತಲ್ಲ" ಎಂದೆ.

ಗಿರಿಜಾ ತಲೆಯಾಡಿಸಿದಳು. "ಪುಸ್ತಕ ಎಲ್ಲಿ ಗೆದ್ದಿತು ವೈನಿ? ಏನು ಕೆಟ್ಟೇತಿ ಅಂತ ಕಣ್ಣು ಮಿಟುಕೋದ್ರಾಗ ಹೇಳಿದ್ದು ಪರದಿ. ಆ ಹಾಳಿ ಸಿಂಧನೂರಾಗ ಟ್ರಂಕಿನ ಮ್ಯಾಲ ಕುಂತಿತ್ತು. ಅವ್ವ ಬಸ್ ಹತ್ತಿರಲಿಲ್ಲಂದ್ರ ಅಲ್ಲೇ ಕುಂತಿರ್ತಿತ್ತು. ಎಲ್ಲಾರಿಗೂ ಒಂದ ದಿನ, ಒಂದ ಗಳಿಗ್ಯಾಗ ಹೊಸ ಪುಟ ಮುಟ್ಟಬೇಕು. ಅದು ಕಂಪ್ಯೂಟರಿನಿಂದ ಆಗ್ತದ, ಟಪಾಲಿನಿಂದ ಆಗಂಗಿಲ್ಲ."

ಕಾಗದ ಬಿಟ್ಟು ಕಂಪ್ಯೂಟರಿಗೆ ಹೋಗೋಣವೇ ಎಂದು ಕಂಪನಿ ಪೈಲಟ್‌ಗಳ ಅಭಿಪ್ರಾಯ ಕೇಳಿದಾಗ, ಹೋಗೋಣ ಎಂದು ಅವಳು ಬರೆದು ಕೊಟ್ಟಳು. ಹಳದಿ ಹಾಳೆಗಳನ್ನೂ ಅದರೊಳಗೆ ಸೇರಿಸಬೇಕು. ತುರ್ತಿನ ಸಣ್ಣ ಪುಸ್ತಕ ಮಾತ್ರ ಕಾಗದದಲ್ಲಿ, ಕೈಗೆ ಸಿಗುವ ಹಾಗೆ ಕಾಕ್‌ಪಿಟ್ಟಿನಲ್ಲಿ ಇರಬೇಕು ಎಂಬ ಮಾತನ್ನೂ ಸೇರಿಸಿದ್ದಳು. ಕೆಲವು ಹಿರಿಯರು ಮುನಿಸಿಕೊಂಡರಂತೆ. ನನಗೂ ಒಳಗೊಳಗೆ ಸ್ವಲ್ಪ ಚುರುಕ್ಕೆಂದಿತು. ಒಂದು ಬೇಸಿಗೆಯಿಡೀ ಗಂಟಲು ಹರಿದುಕೊಂಡು ಓದಿದ ಪುಟಗಳವು. ಆದರೆ ಯೋಚಿಸಿದಷ್ಟೂ ಅವಳ ಮೇಲಿನ ಗೌರವ ಹೆಚ್ಚಿತು. ತನ್ನನ್ನು ಕಾಪಾಡಿದ ಹಾಳೆಯನ್ನು ಪೂಜೆಗೆ ಇಡಲಿಲ್ಲ. ಅದು ತನ್ನ ಕೈಗೆ ಬಂದ ದಾರಿ ಎಷ್ಟು ತೆಳ್ಳಗಿತ್ತೆಂದು ನೆನೆದಳು. ಆ ದಾರಿಯಲ್ಲಿ ಒಬ್ಬ ಖಾಜಾಸಾಬ್, ಪ್ಲಾಸ್ಟಿಕ್ ಸುತ್ತಿಟ್ಟ ಒಬ್ಬ ಗೃಹಿಣಿ, ಬಿಸಿಲಿಗೆ ಅಂಜದ ಒಬ್ಬ ತಾಯಿ ಸಿಕ್ಕಿದ್ದರು. ಎಲ್ಲ ಪೈಲಟ್‌ಗಳಿಗೂ ಹಾಗೆ ಸಿಗುತ್ತಾರೆಂದು ಯಾರು ಹೇಳಬಲ್ಲರು?

ಅವಳು ಕ್ಯಾಪ್ಟನ್ ಆದ ಮೇಲೆ ಒಮ್ಮೆ ಅತ್ತೆಯನ್ನೂ ನನ್ನನ್ನೂ ತನ್ನ ವಿಮಾನದಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಕರೆದೊಯ್ದಳು. ಇಬ್ಬರಿಗೂ ಅದೇ ಮೊದಲು. ಅತ್ತೆ ಕಿಟಕಿಯ ಬದಿ, ನಾನು ನಡುವೆ, ನನ್ನಾಚೆ ಕೋಟು ಹಾಕಿದ ಒಬ್ಬ ಗೃಹಸ್ಥ. ಕ್ಯಾಪ್ಟನ್ನಿನ ಹೆಸರು ಹೇಳಿ ನಮಸ್ಕಾರ ಕೋರಿದ ದನಿ ಕೇಳಿದಾಗ ಅತ್ತೆ ನನ್ನ ಕೈಯನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದರು. ವಿಮಾನ ನೆಲ ಬಿಟ್ಟಾಗ ಬಿಡಲಿಲ್ಲ, ಮೋಡದಲ್ಲಿ ಅಲುಗಾಡಿದಾಗ ಬಿಡಲಿಲ್ಲ. ಗಾಲಿಗಳು ಬೆಂಗಳೂರಿನ ನೆಲಕ್ಕೆ ತಾಗಿದ ಮೇಲೆ ಬಿಟ್ಟರು.

ಎಲ್ಲರೂ ಇಳಿದು ಹೋದ ಮೇಲೂ ನಾವು ಕೂತೇ ಇದ್ದೆವು. ಮುಂದಿನ ಬಾಗಿಲು ತೆರೆದು ಗಿರಿಜಾ ಬಂದಳು, ಟೋಪಿ ಕೈಯಲ್ಲಿ ಹಿಡಿದು, ತಾಯಿಯ ಮುಂದೆ ಮೊಣಕಾಲೂರಿ ಕೂತಳು.

"ಹೆಂಗಾತವ್ವ? ಅಂಜಿಕಿ ಬಂತೇನು?"

ಅತ್ತೆಗೆ ಬೇರೆಯೇ ಸಿಟ್ಟಿತ್ತು. ನನ್ನಾಚೆಯ ಖಾಲಿ ಸೀಟನ್ನು ಬೆರಳಿನಿಂದ ತೋರಿಸಿದರು. "ಇಲ್ಲಿ ಒಬ್ಬಾವ ಕುಂತಿದ್ದ ನೋಡು. ಹತ್ತಿದಾಗಿಂದ ಇಳಿಯೋತನಾ ಒಂದ ಸವನ ನಿದ್ದಿ ಹೊಡದ. ನೀ ಅಲ್ಲಿ ಅಷ್ಟು ಕಷ್ಟಪಟ್ಟು ನಡಸಾಕತ್ತೀದಿ, ಅವಗ ಖಬರ ಇಲ್ಲ! ಗೊರಕಿ ಬ್ಯಾರೆ!"

ಗಿರಿಜಾ ನಕ್ಕಳು. ಅಷ್ಟು ತುಂಬು ಮನಸ್ಸಿನ ನಗುವನ್ನು ಅವಳ ಮುಖದಲ್ಲಿ ನಾನು ಮೊದಲು ಕಂಡಿರಲಿಲ್ಲ. ತಾಯಿಯ ಎರಡೂ ಕೈಗಳನ್ನು ಹಿಡಿದುಕೊಂಡು, "ಖರೇನ ನಿದ್ದಿ ಮಾಡಿದ್ರೇನವ್ವ?" ಎಂದು ಮತ್ತೆ ಕೇಳಿದಳು, ಯಾರೋ ತನಗೆ ದೊಡ್ಡ ಬಹುಮಾನ ಕೊಟ್ಟ ಸುದ್ದಿಯನ್ನು ಇನ್ನೊಮ್ಮೆ ಕೇಳಬೇಕೆನ್ನುವವಳ ಹಾಗೆ.